ಹನ್ನೊಂದನೇ ಪ್ರಶ್ನೆ

ದಕ್ಕೆಯಲ್ಲಿ ಕಲಾಪ ಪಟ್ಟಿ ಅಚ್ಚಾಗುವುದಿಲ್ಲ.
ನಾಲ್ಕು ಗಂಟೆಗೆ ತಾಗಿದ ಬೋಟಿನ ಬಂಗುಡೆ ಮೊದಲು,
ಆಮೇಲೆ ಅದರ ಬೆನ್ನಿಗೆ ನಿಂತದ್ದು.
ಎಂಟರೊಳಗೆ ಎಲ್ಲ ಮುಗಿಯಬೇಕು. ಬಿಸಿಲು
ಯಾರಿಗೂ ಹೆಚ್ಚುವರಿ ಸಮಯ ಕೊಡುವುದಿಲ್ಲ.

ಜಲಜಾ ಕರ್ಕೇರ ಸಂಘದ ಆಫೀಸಿಗೆ ಬಂದದ್ದು ಎಂಟೂವರೆಗೆ,
ಬುಟ್ಟಿ ಮಗುಚಿ ಬಾಗಿಲಲ್ಲಿಟ್ಟು.
'ದಿಲ್ಲಿಯಲ್ಲಿ ಕೇಳ್ತಾರಂತಲ್ಲ. ಬರೀರಿ.
ಅಳಿವೆ ಬಾಗಿಲಲ್ಲಿ ಮರಳು ತುಂಬಿದೆ,
ನನ್ನ ಗಂಡನ ಬೋಟು ಮಗುಚಿತು,
ಈ ಕಣ್ಣಿಲ್ಲದವರು ಇನ್ನೆಷ್ಟು ಹೆಣ ಎಣಿಸಬೇಕು?'

ಬರೆದೆ. ಆಮೇಲೆ ನಿಯಮ ಓದಿದೆ.
ನೂರೈವತ್ತು ಪದ ಮೀರಬಾರದು.
ವಾದ ಕೂಡದು, ಊಹೆ ಕೂಡದು,
ವ್ಯಂಗ್ಯ ಕೂಡದು, ವಿಶೇಷಣ ಕೂಡದು.
'ಕಣ್ಣಿಲ್ಲದವರು' ಮೊದಲು ಹೋಯಿತು.
ಆಮೇಲೆ ಹೆಣ. ಆಮೇಲೆ ಗಂಡ.
ಉಳಿದದ್ದು ಇಷ್ಟು:

(ಕ) ಅಳಿವೆಯಲ್ಲಿ ಹೂಳು ಶೇಖರಣೆಯಾಗಿರುವುದು
ಸರಕಾರದ ಗಮನಕ್ಕೆ ಬಂದಿದೆಯೇ;
(ಖ) ಬಂದಿದ್ದಲ್ಲಿ, ಅದರ ವಿವರಗಳೇನು;
(ಗ) ಇಲ್ಲದಿದ್ದಲ್ಲಿ, ಅದಕ್ಕೆ ಕಾರಣಗಳೇನು?

ಓದಿ ಹೇಳಿದೆ. ಜಲಜಾ ತುಂಬಾ ಹೊತ್ತು
ಅಂಗೈಯ ಪೊರೆ ಕೆರೆಯುತ್ತಾ ಕೂತಿದ್ದಳು.
'ಇದು ಯಾರು ಕೇಳುವುದು?' ಅಂದಳು.

ಹದಿನೈದು ದಿನದ ನೋಟೀಸು. ಚೀಟಿ ಎತ್ತಿದರು.
ನಮ್ಮದು ಹನ್ನೊಂದನೆಯದು, ಪಕ್ಕದಲ್ಲೊಂದು ಚುಕ್ಕೆ.
'ಚುಕ್ಕೆ ಎಂತಕ್ಕೆ?'
ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು
ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಕಾಗದ ಸಾಕು.
ಅಂದು ಅವಳು ಅಂಜಲಿನ ಒಂದು ತುಂಡು
ನನ್ನ ಮೇಜಿನ ಮೇಲಿಟ್ಟು ಹೋದಳು, ದುಡ್ಡು ಮುಟ್ಟಲಿಲ್ಲ.

ಗುರುವಾರ ಹನ್ನೊಂದು ಗಂಟೆ. ಸಂಘದ ಟಿವಿ ಮುಂದೆ
ಬೆಂಗ್ರೆಯಿಂದ ಮೊಯ್ದಿನಬ್ಬ, ಐಸ್ ಪ್ಲಾಂಟಿನ ಗಿಲ್ಬರ್ಟ್,
ಒದ್ದೆ ಸೆರಗಿನ ಆರೇಳು ಹೆಂಗಸರು.
ಗಲಾಟೆಯಾದೀತೆಂದು ಹೆದರಿದ್ದೆವು. ಆಗಲಿಲ್ಲ.
ಅಂದು ಯಾರೂ ಬಾವಿಗಿಳಿಯಲಿಲ್ಲ, ಯಾರೂ ಫಲಕ ಎತ್ತಲಿಲ್ಲ.
ಒಂದನೇ ಪ್ರಶ್ನೆ ಎಲ್ಲಿಯದೋ ರೈಲು ಸೇತುವೆ.
ಅದಕ್ಕೊಂದು ಉಪಪ್ರಶ್ನೆ, ಅದಕ್ಕಿನ್ನೊಂದು,
ಮಂತ್ರಿ ಪಾಪ ಎಲ್ಲಕ್ಕೂ ವಿವರವಾಗಿ, ಸಮಾಧಾನವಾಗಿ ಹೇಳಿದರು.
ಎರಡನೆಯದು ಕ್ಷಯರೋಗ. ಮೂರನೆಯದು ಸೆಣಬು.
ಸೆಣಬಿನ ಕಷ್ಟ ಕೇಳಿ ಗಿಲ್ಬರ್ಟ್ ತಲೆಯಾಡಿಸಿದ:
'ಅವರದ್ದೂ ಸರಿಯೇ ಮಾರಾಯ್ರೇ.'
ನಾಲ್ಕನೆಯದು ಅರ್ಧವಾಗುವಾಗ
ಹನ್ನೆರಡು ಹೊಡೆಯಿತು.

ಪ್ರಶ್ನೋತ್ತರ ವೇಳೆ ಮುಗಿಯಿತು.
ಉಳಿದ ಉತ್ತರಗಳು ಸದನದ ಮೇಜಿನ ಮೇಲಿವೆ ಅಂದೆ.
'ಯಾವ ಮೇಜು?'
ತೋರಿಸಿದೆ. ಹಸಿರು ಹಾಸು, ಕೆಳಗೆ ಕೂತ ಗುಮಾಸ್ತರು,
ಅವರ ಮುಂದೆ ಉದ್ದದ ಮರ.
ಕಿವಿರು ಬಿಡಿಸಿ ನೋಡುವವಳ ಹಾಗೆ
ಜಲಜಾ ಪರದೆಗೆ ಮುಖ ತಾಗಿಸಿ ನೋಡಿದಳು.
'ಐಸ್ ಹಾಕದೆ ಇಟ್ಟದ್ದು', ಅಂದಳು,
'ಎಷ್ಟು ಹೊತ್ತು ಇರ್ತದೆ?'

ಶೂನ್ಯ ವೇಳೆಗೆ ಹೆಂಗಸರು ಎದ್ದು ಹೋದರು.

ಉತ್ತರ ಬಂತು, ಸಂಸದರ ಕಚೇರಿಯಿಂದ, ಒಂದೂವರೆ ಸಾಲು:
(ಕ) ರಿಂದ (ಗ): ಮಾಹಿತಿ ಸಂಗ್ರಹಿಸಲಾಗುತ್ತಿದ್ದು
ಸದನದ ಮೇಜಿನ ಮೇಲೆ ಇಡಲಾಗುವುದು.
ನನಗೆ ನಾಚಿಕೆಯಾಯಿತು. ನಾನೇ ಕೊಟ್ಟ ಉತ್ತರವೋ ಎಂಬಂತೆ
ಕಾಗದವನ್ನು ಮಡಚಿ ಕೊಟ್ಟೆ.

ಅವಳು ಬೈಯಲಿಲ್ಲ.
ಬೆರಳು ಮಡಚಿ ಲೆಕ್ಕ ಹಾಕಿದಳು:
ಹದಿನೈದು ದಿನ ಅಂದರೆ ಅಮಾವಾಸ್ಯೆ ಕಳೆದು,
ನೀರು ಏರುವ ವಾರ ದಾಟಿ.
'ಮತ್ತೊಮ್ಮೆ ಬರೀರಿ. ಈ ಸಲ ನಾನೇ ಹೇಳ್ತೇನೆ.
ಕ. ಕಳೆದ ಮೂರು ವರ್ಷದಲ್ಲಿ
ಅಳಿವೆ ಬಾಗಿಲಲ್ಲಿ ಮಗುಚಿದ ಬೋಟುಗಳ ಸಂಖ್ಯೆ ಎಷ್ಟು.
ಖ. ಅದರಲ್ಲಿ ಇದ್ದವರ ಹೆಸರು.'

ಬೈಗಳಿಲ್ಲ, ಊಹೆಯಿಲ್ಲ. ನನ್ನ ಪೆನ್ನು
ಹೊಡೆದು ಹಾಕಲು ಒಂದು ಪದ ಹುಡುಕಿತು, ಸಿಗಲಿಲ್ಲ.
ಅವಳೇ ಅನುಮಾನದಿಂದ ಕೇಳಿದಳು:
'ಮಗುಚಿದ್ದು ಅಂದರೆ ಎಂತ, ವಿಶೇಷಣವಾ?
ಅದನ್ನು ಬಿಡಬೇಕಾ?'

ನಿಯಮದ ಪುಸ್ತಕ ತೆರೆದೆ.
ಅದರಲ್ಲಿ ಆ ಬಗ್ಗೆ ಏನೂ ಇರಲಿಲ್ಲ.
ಬರೆದೆ.